ಸೀಲು ಬದಲಾಯಿಸಿದರೆ ಸಾಲದು, ಬ್ರೀದರ್ ನೋಡಿ



ನಮ್ಮ ಸಂಘಟನೆಯ ಹಳೇ ಜೀಪು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟದ ಲೈನ್ ಮನೆಗಳಿಗೆ ಮಳೆಗಾಲದಲ್ಲಿ ಹೋಗಬೇಕಂದ್ರೆ ಫೋರ್ ವೀಲ್ ಗಾಡಿನೇ ಬೇಕು. ಬಸುರಿ ಹೆಣ್ಮಕ್ಕಳನ್ನ ಆಸ್ಪತ್ರೆಗೆ ತಂದಿದ್ದು, ದೂರು ಕೊಡೋಕೆ ಹೆದರಿದವರನ್ನ ಠಾಣೆವರೆಗೆ ಕರ್ಕೊಂಡು ಹೋಗಿದ್ದು, ಎಲ್ಲಾ ಇದರಲ್ಲೇ.

ಈ ಜೀಪಿನ ಹಿಂದಿನ ಡಿಫರೆನ್ಷಿಯಲ್ ಸೋರ್ತಾ ಇತ್ತು. ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರೋ ಜಾಗದಲ್ಲಿ, ಪಿನಿಯನ್ ಸೀಲಿನಿಂದ. ನಿಲ್ಲಿಸಿದ ಕಡೆಯೆಲ್ಲ ಕಪ್ಪು ಕಲೆ, ಗಂಧಕದ ವಾಸನೆ. ಒಂದು ಗ್ಯಾರೇಜಿನಲ್ಲಿ ಸೀಲು ಬದಲಾಯಿಸಿದ್ರು. ಎರಡು ತಿಂಗಳಿಗೆ ಮತ್ತೆ ಸೋರಿತು. ಮತ್ತೆ ಬದಲಾಯಿಸಿದ್ರು, ಮತ್ತೆ ಸೋರಿತು. "ಹಳೇ ಗಾಡಿ ಸಾರ್, ಸೋರೋದೇ" ಅಂದ್ಬಿಟ್ರು.

ಮೂರನೇ ಸಲ ನಮ್ಮ ಕಾಲೋನಿಯ ಹಿರಿಯ ಮೆಕ್ಯಾನಿಕ್ ಹತ್ತಿರ ತಗೊಂಡು ಹೋದೆ. ಓದಿದ್ದು ನಾಲ್ಕನೇ ಕ್ಲಾಸು. ಅವರು ಸೀಲಿಗೆ ಕೈ ಹಾಕೋ ಮೊದಲು ಆಕ್ಸಲ್ ಮೇಲಿದ್ದ ಬೆರಳುದ್ದದ ಬ್ರೀದರ್ ಬಿಚ್ಚಿ ಊದಿದ್ರು. ಗಾಳಿ ಹೋಗಲಿಲ್ಲ. ಕೆಸರು ತುಂಬಿ ಕಲ್ಲಾಗಿತ್ತು.

"ಗಾಡಿ ಓಡಿದ್ರೆ ಒಳಗೆ ಬಿಸಿ ಆಗುತ್ತೆ, ಗಾಳಿ ಹಿಗ್ಗುತ್ತೆ. ಹೊರಗೆ ಹೋಗೋಕೆ ಇರೋದು ಇದೊಂದೇ ದಾರಿ. ಇದು ಮುಚ್ಚಿದ್ರೆ ಆ ಒತ್ತಡ ಸೀಲಿನ ಮೇಲೇ ಬೀಳೋದು. ಎಷ್ಟು ಸೀಲು ಹಾಕಿದ್ರೂ ಅಷ್ಟೇ" ಅಂದ್ರು.

ಆಮೇಲೆ ಕೆಲಸ ಶುರು. ಚಕ್ರಕ್ಕೆ ಕಲ್ಲು ಕೊಟ್ಟು, ಬರೀ ಜಾಕ್ ನಂಬದೆ ಸ್ಟ್ಯಾಂಡ್ ಇಟ್ರು. ಶಾಫ್ಟ್ ಬಿಚ್ಚೋ ಮೊದಲು ಗುರುತು ಹಾಕಿದ್ರು. ಪಿನಿಯನ್ ನಟ್ಟಿಗೂ ಪಂಚ್‌ನಲ್ಲಿ ಗುರುತು ಹೊಡೆದು, ಹೊರಗೆ ಕಾಣೋ ಮರೆ ಎಣಿಸಿದ್ರು. ಯಾಕಂದ್ರೆ ಆ ನಟ್ಟಿನ ಬಿಗಿ ಹೆಚ್ಚಾದರೆ ಬೇರಿಂಗ್ ಹೋಗುತ್ತೆ, ಕಮ್ಮಿಯಾದರೆ ಪಿನಿಯನ್ ಆಡುತ್ತೆ. ಫ್ಲ್ಯಾಂಜ್ ತೆಗೆದು, ಸೀಲು ಉಜ್ಜೋ ಜಾಗದಲ್ಲಿ ನನ್ನ ಉಗುರು ಆಡಿಸಿ ತೋರಿಸಿದ್ರು, ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿತ್ತು. ಅದಕ್ಕೆ ತೆಳು ತಗಡಿನ ಸ್ಲೀವ್ ಹಾಕಿದ್ರು. ಹೊಸ ಸೀಲಿನ ಸ್ಪ್ರಿಂಗ್ ಇರೋ ಮುಖ ಎಣ್ಣೆ ಕಡೆಗೆ, ತುಟಿಗೆ ಗ್ರೀಸ್, ಓರೆಯಾಗದ ಹಾಗೆ ಪೈಪಿನಿಂದ ಸುತ್ತ ಸಮನಾಗಿ ತಟ್ಟಿ ಕೂರಿಸಿದ್ರು. ನಟ್ಟು ಗುರುತಿಗೆ ಸರಿಯಾಗಿ ಬಂತು. 90 ನಂಬರ್ ಗೇರ್ ಆಯಿಲ್ ತುಂಬೋ ತೂತಿನ ಅಂಚಿನವರೆಗೆ. ಕೊನೆಗೆ ಬ್ರೀದರಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾಡಿಯ ಎತ್ತರಕ್ಕೆ ಕಟ್ಟಿದ್ರು, ಹಳ್ಳ ದಾಟುವಾಗ ನೀರು ಕೆಸರು ಸೇರದ ಹಾಗೆ. ಈ ಮಳೆಗಾಲ ಪೂರ್ತಿ ಒಂದು ಹನಿ ಸೋರಿಲ್ಲ.

ಇದನ್ನ ಇಲ್ಲಿ ಯಾಕೆ ಬರೆದೆ?

ನಾವು ಚಳವಳಿಯಲ್ಲಿ ಮಾಡ್ತಿರೋದೂ ಬರೀ ಸೀಲು ಬದಲಾಯಿಸೋ ಕೆಲಸ. ದೌರ್ಜನ್ಯ ಆಗುತ್ತೆ, ನಾವು ಓಡ್ತೀವಿ, ಧರಣಿ ಕೂರ್ತೀವಿ. ಅಧಿಕಾರಿಗಳು ಬರ್ತಾರೆ, ಪರಿಹಾರದ ಚೆಕ್ಕು, ಶಾಂತಿಸಭೆ, ಫೋಟೋ. ಎರಡು ತಿಂಗಳಿಗೆ ಅದೇ ಊರಲ್ಲಿ ಇನ್ನೊಂದು. ಆಗ "ಹಳೇ ಊರು, ಹಿಂಗೇ" ಅಂತಾರೆ. ಪರಿಹಾರ ಬೇಡ ಅಂತಲ್ಲ, ಅದು ನೊಂದವರ ಹಕ್ಕು. ಆದರೆ ಒತ್ತಡ ಹೊರಗೆ ಹೋಗೋ ದಾರಿಯನ್ನ ಕಾನೂನೇ ಕೊಟ್ಟಿದೆ, ಅದನ್ನ ನಾವು ಬಿಚ್ಚಿ ನೋಡಲ್ಲ.

1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ಅದರ 17ನೇ ನಿಯಮ ಓದಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಮೂರು ತಿಂಗಳಿಗೆ ಒಂದು ಸಲವಾದರೂ ಸೇರಲೇಬೇಕು. ಪರಿಹಾರ, ಪುನರ್ವಸತಿ, ಕೋರ್ಟಿನಲ್ಲಿರೋ ಕೇಸುಗಳು, ಅಧಿಕಾರಿಗಳ ಪಾತ್ರ ಎಲ್ಲಾ ಅಲ್ಲಿ ಪರಿಶೀಲನೆ ಆಗಬೇಕು. ದಾರಿ ಮುಚ್ಚಿದ್ದಾರೆ, ಸ್ಮಶಾನಕ್ಕೆ ಜಾಗ ಇಲ್ಲ, ಚಾರ್ಜ್‌ಶೀಟ್ ಹಾಕಿಲ್ಲ ಅನ್ನೋದು ಹೊಡೆದಾಟ ಆಗೋ ಮೊದಲೇ ಆ ಮೇಜಿನ ಮೇಲೆ ಬರಬೇಕು. ಇದು ನಮ್ಮ ಬ್ರೀದರ್.

ನಾನೂ ತಪ್ಪಿತಸ್ಥನೇ. ಧರಣಿಗೆ ನೂರು ಜನ ಸೇರಿಸಿದ ನಾನು, ಆ ಸಭೆಯ ನಡಾವಳಿ ಪುಸ್ತಕ ಒಂದು ದಿನವೂ ಕೇಳಿರಲಿಲ್ಲ. ಸಭೆ ಸೇರದಿದ್ದರೆ ಸುದ್ದಿ ಆಗಲ್ಲ, ಹಾಗಾಗಿ ನಮಗೂ ಕೋಪ ಬರಲ್ಲ.

ಒಂದು ಕೆಲಸ ಮಾಡೋಣ. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಕಳೆದ ಎರಡು ವರ್ಷ ಈ ಸಮಿತಿ ಎಷ್ಟು ಸಲ ಸೇರಿತು, ನಡಾವಳಿ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಎಂಟು ಸಭೆ ಆಗಿರಲೇಬೇಕು. ಕಮ್ಮಿ ಇದ್ರೆ ಎಲ್ಲಿ ಕೆಸರು ಕಟ್ಟಿದೆ ಅಂತ ಗೊತ್ತಾಗುತ್ತೆ.

ಇನ್ನೊಂದು ಮಾತು. ನಮ್ಮ ಸಭೆಗಳಲ್ಲಿ ಆ ಮೆಕ್ಯಾನಿಕ್ ಅಣ್ಣ ಯಾವಾಗಲೂ ಕೊನೇ ಸಾಲಿನಲ್ಲಿ ಕೂರ್ತಾರೆ, ಮೈಕು ಹಿಡಿಯೋರು ನಮ್ಮಂಥ ಡಿಗ್ರಿಯವರು. ಈ ಸಲ ಮೈಕು ಮೊದಲು ಅವರ ಕೈಗೆ.

ಜೈ ಭೀಮ್.