ಹೆಸರು ಬಂದಿತು, ಬಾಗಿಲು ತೆರೆಯಲಿ

ಉತ್ತರ ಕಲ್ಕತ್ತೆಯ ಹಾತಿಬಾಗಾನಿನಲ್ಲಿ, ವಿಧಾನ ಸರಣಿಯ ಮೇಲೆ, ಒಂದು ಪುರಾತನ ನಾಟ್ಯಗೃಹವಿದೆ. ಶತಮಾನಕ್ಕೂ ಮಿಗಿಲಾಗಿ ‘ಸ್ಟಾರ್ ಥಿಯೇಟರ್’ ಎನಿಸಿಕೊಂಡಿದ್ದ ಅದಕ್ಕೆ 2024ರ ಡಿಸೆಂಬರಿನಲ್ಲಿ ನಟಿ ವಿನೋದಿನಿಯ ಹೆಸರನ್ನು ಘೋಷಿಸಲಾಯಿತು. ಈ ನಗರವನ್ನು ಎರಡನೆಯ ತವರನ್ನಾಗಿ ಮಾಡಿಕೊಂಡಿರುವ ನಾವು ಈ ಸಂಗತಿಯನ್ನು ಕುರಿತು ಕೊಂಚ ಆಲೋಚಿಸುವುದು ಉಚಿತವೆಂದು ನನ್ನ ಭಾವನೆ.

1883ರಲ್ಲಿ ಬೀಡನ್ ಬೀದಿಯಲ್ಲಿ ಮೊದಲ ಸ್ಟಾರ್ ತಲೆಯೆತ್ತಿದಾಗ ಅದಕ್ಕೆ ಹಣವಿತ್ತವನು ಬಂಗಾಳಿಯಲ್ಲದ ಗುರ್ಮುಖ್ ರಾಯ್ ಎಂಬ ತರುಣ ವ್ಯಾಪಾರಿ. ಆತನ ಆಶ್ರಯದಲ್ಲಿರಲು ಒಪ್ಪಿ ಆ ಹಣವನ್ನು ಸಾಧ್ಯಗೊಳಿಸಿದವಳು ವೇಶ್ಯಾಕುಲದಲ್ಲಿ ಜನಿಸಿದ ವಿನೋದಿನಿ. ರಂಗಮಂದಿರಕ್ಕೆ ಅವಳ ಹೆಸರಿಡುವ ಮಾತಾಗಿತ್ತು. ನೋಂದಣಿಯ ವೇಳೆಗೆ ಆ ಮಾತು ಮರೆಯಾಯಿತು. ಮರುವರ್ಷ ಅಲ್ಲಿಯೇ ಅವಳ ಚೈತನ್ಯನ ಪಾತ್ರವನ್ನು ಕಂಡು ಶ್ರೀ ರಾಮಕೃಷ್ಣರು ಆಶೀರ್ವದಿಸಿದರು. ಸಂತರು ಆದರಿಸಿದವಳನ್ನು ಸಮಾಜ ಆದರಿಸಲಿಲ್ಲ. 1888ರಲ್ಲಿ ಸ್ಟಾರ್ ಹಾತಿಬಾಗಾನಿಗೆ ಬರುವ ಮೊದಲೇ ಅವಳು ರಂಗವನ್ನು ತ್ಯಜಿಸಿದ್ದಳು.

1991ರಲ್ಲಿ ಈ ಕಟ್ಟಡ ಬೆಂಕಿಗೆ ಆಹುತಿಯಾಯಿತು. ನಗರಪಾಲಿಕೆ ಅದನ್ನು ಪುನರ್ನಿರ್ಮಿಸಿ 2004ರಲ್ಲಿ ತೆರೆಯಿತು. ಆದರೆ ಅನಂತರ ಅಲ್ಲಿ ಹೆಚ್ಚಾಗಿ ನಡೆದದ್ದು ಚಲನಚಿತ್ರ ಪ್ರದರ್ಶನ.

ಬ್ಯಾಂಕಿನ ನೌಕರನಾದ ನನಗೆ ಇದು ಹಳೆಯ ಸಾಲದಂತೆ ತೋರುತ್ತದೆ. ಹೆಸರಿಟ್ಟದ್ದರಿಂದ ಬಡ್ಡಿ ಸಂದಿರಬಹುದು. ಅಸಲು ಉಳಿದೇ ಇದೆ. ಹೊರಗಿನವರ ಹಣದಿಂದ, ಹೊರಗಿಡಲ್ಪಟ್ಟವಳ ತ್ಯಾಗದಿಂದ ಹುಟ್ಟಿದ ರಂಗಮಂದಿರವು ನಗರದ ಎಲ್ಲರಿಗೂ ತೆರೆದಾಗಲೇ ಆ ಅಸಲು ತೀರುವುದು.

ನಾಟಕದಿಂದ ನಷ್ಟವೆಂಬ ವಾದವುಂಟು. ಅದನ್ನು ಅಲ್ಲಗಳೆಯಲಾರೆ. ಆದರೆ ವಾರದಲ್ಲಿ ಐದು ದಿನ ಚಿತ್ರ ನಡೆಯಲಿ. ಅದರ ಆದಾಯದ ಒಂದಂಶದಿಂದ ಉಳಿದೆರಡು ದಿನ ಹವ್ಯಾಸಿ ತಂಡಗಳಿಗೆ, ಭಾಷಾಭೇದವಿಲ್ಲದೆ, ಅಲ್ಪ ಬಾಡಿಗೆಗೆ ರಂಗವನ್ನು ಕೊಡಲಿ. ಅದೇ 2004ರಲ್ಲಿ ಬೆಂಗಳೂರಿನಲ್ಲಿ ಶಂಕರನಾಗರ ನೆನಪಿಗಾಗಿ ಅರುಂಧತಿ ನಾಗ್ ಅವರ ಪರಿಶ್ರಮದಿಂದ ಆರಂಭವಾದ ರಂಗಶಂಕರದಲ್ಲಿ ಕನ್ನಡದೊಡನೆ ಅನ್ಯಭಾಷೆಯ ನಾಟಕಗಳಿಗೂ ಸ್ಥಾನವಿದೆ. ಅಲ್ಲಿ ಸಾಧ್ಯವಾದದ್ದು ನಾಟಕಪ್ರಿಯವಾದ ಕಲ್ಕತ್ತೆಯಲ್ಲಿ ಅಸಾಧ್ಯವೇ?

ನಮ್ಮ ಹೊಣೆಯೂ ಇದೆ. ರಾಜ್ಯೋತ್ಸವದ ನಾಟಕಕ್ಕೆ ಪ್ರತಿವರ್ಷ ಬಾಡಿಗೆಯ ಸಭಾಂಗಣಕ್ಕಾಗಿ ಅಲೆಯುವ ನಾವು, ತಮಿಳು, ತೆಲುಗು, ಮಲಯಾಳಿ, ಒಡಿಯಾ ಬಂಧುಗಳೊಡನೆ ಕೂಡಿ ನಗರಪಾಲಿಕೆಗೆ ಒಂದು ಮನವಿ ಸಲ್ಲಿಸಬಾರದೇಕೆ? ವೃದ್ಧರೂ ಅಂಗವಿಕಲರೂ ಸುಲಭವಾಗಿ ಒಳಸೇರುವಂತಹ ವ್ಯವಸ್ಥೆಯನ್ನೂ ಅದರಲ್ಲಿ ಕೇಳೋಣ. ಈ ಸಂಚಿಕೆಯ ವೈದ್ಯಮಹಾಶಯರು ದೇಹಾರೋಗ್ಯದ ಮಾತನ್ನು ಹೇಳಿದ್ದಾರೆ. ಮಕ್ಕಳು ದೂರದೂರುಗಳಿಗೆ ಹೋದ ಮೇಲೆ ಮನೆಯಲ್ಲಿ ಒಂಟಿಯಾಗಿ ಉಳಿದ ನಮ್ಮ ಹಿರಿಯರಿಗೆ ತಾಯ್ನುಡಿಯ ಒಂದು ನಾಟಕವೂ ಔಷಧಿಯೇ ಸರಿ.

ವಿನೋದಿನಿಗೆ 141 ವರ್ಷಗಳ ಅನಂತರ ಹೆಸರು ದೊರೆಯಿತು. ಆ ಹೆಸರಿನ ಬಾಗಿಲಲ್ಲಿ ಯಾರೂ ಹೊರಗೆ ನಿಲ್ಲದಿರಲಿ.