ಗಾಳಿ ನೋಡಿ ಪಟ ಆರಿಸೋಣ

ಹೋದ ವರ್ಷ ಆಷಾಢದ ಒಂದು ಭಾನುವಾರ ನಾವು ಎಂಟು ಜನ ಶಿವಗಂಗೆಗೆ ಹೋಗಿದ್ದೆವು. ಡಾಬಸ್‌ಪೇಟೆಯಲ್ಲಿ ಇಡ್ಲಿ ತಿಂದು ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಒಂಬತ್ತು ಗಂಟೆ. ಬ್ಯಾಗಿನಲ್ಲಿ ನೀರು, ಚಕ್ಕುಲಿ, ಜೊತೆಗೆ ಒಂದು ಸ್ಪೆಷಲ್ ಸಾಮಾನು: ನಮ್ಮಲ್ಲೊಬ್ಬ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದ, ಕೈಟ್‌ಬೋರ್ಡಿಂಗ್ ಕಲಿಯೋರು ಬಳಸುವ ಪಟ. ಮೂರು ಚದರ ಮೀಟರ್, ಒಂದು ಕಡ್ಡಿಯೂ ಇಲ್ಲ, ಬರೀ ಬಟ್ಟೆ. "ಸಮುದ್ರ ಇಲ್ಲದಿದ್ರೆ ಏನಾಯ್ತು ಗುರು, ಗಾಳಿ ಇದೆಯಲ್ಲ" ಅಂದ. ನಮಗೂ ಸರಿ ಅನ್ನಿಸಿತು.

ಬೆಟ್ಟದ ಕೆಳಗಿನ ಬಯಲಿನಲ್ಲಿ ಹಾರಿಸಿದೆವು. ಮೊದಲ ಐದು ನಿಮಿಷ ಭಾರಿ ಖುಷಿ. ಆಮೇಲೆ ಗಾಳಿ ಒಮ್ಮೆಲೇ ಜೋರಾಯಿತು. ಪಟ ಎಡದಿಂದ ಬಲಕ್ಕೆ ಸರ್ರನೆ ಹಾಯಿತು. ಹಿಡಿಕೆ ಹಿಡಿದಿದ್ದ 58 ಕೆಜಿಯ ಗೆಳೆಯನನ್ನು ಅದು ಹತ್ತು ಹದಿನೈದು ಅಡಿ ಎಳೆದೊಯ್ದು ರಾಗಿ ಹೊಲದ ಬದುವಿಗೆ ಬೀಳಿಸಿತು. ಮೊಣಕೈ ತರಚಿತು, ಮಣಿಕಟ್ಟು ಉಳುಕಿತು. ನಾಲ್ಕಡಿ ಆಚೆ ಒಂದು ಬಂಡೆ ಇತ್ತು. ಅದನ್ನು ನೋಡಿದ ಮೇಲೆ ಯಾರೂ ನಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ವಾದ ಶುರುವಾಯಿತು. "ಇಂಥ ಪಟವೇ ಬೇಡ" ಅಂತ ಕೆಲವರು. "ಪಟ ಏನು ಮಾಡೀತು, ನಮ್ಮ ಗ್ರಹಚಾರ" ಅಂತ ಇನ್ನು ಕೆಲವರು. ನಾವು ಈಗ ಹೇಳುವುದು ಇಷ್ಟೇ: ತಪ್ಪಿದ್ದದ್ದು ಆಯ್ಕೆಯಲ್ಲಿ. ಪಟವನ್ನು ಬೆಲೆ ನೋಡಿ, ಬಣ್ಣ ನೋಡಿ ಆರಿಸಿದೆವು. ಗಾಳಿಯನ್ನು, ನೆಲವನ್ನು ನೋಡಲೇ ಇಲ್ಲ.

ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದವರು ಈ ಲೆಕ್ಕ ಹಾಕಬಹುದಿತ್ತು. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕೆಜಿ, ಗುಣಾಂಕ 1 ಅಂತ ಇಟ್ಟುಕೊಳ್ಳಿ. ಮೂರು ಚದರ ಮೀಟರ್ ಪಟ ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ ಸುಮಾರು 4 ಕೆಜಿ ತೂಕದಷ್ಟು ಎಳೆಯುತ್ತದೆ. 10 ಮೀಟರ್ ಗಾಳಿಯಲ್ಲಿ 17 ಕೆಜಿ. ಅದೇ ಪಟ ಆಕಾಶದಲ್ಲಿ ಅಡ್ಡ ಓಡಿದರೆ ಅದಕ್ಕೆ ತಾಗುವ ಗಾಳಿಯ ವೇಗ ಇನ್ನೂ ಹೆಚ್ಚು. ಅದು 20 ಮೀಟರ್ ಮುಟ್ಟಿದರೆ ಎಳೆತ 67 ಕೆಜಿ. ನಮ್ಮ ಗೆಳೆಯ ಹಾರಿದ್ದರಲ್ಲಿ ಪವಾಡ ಏನೂ ಇಲ್ಲ.

ತಮಾಷೆ ಏನೆಂದರೆ, ಹೋಗುವ ಮುಂಚೆ ನಾವು ಒಂದು ಸೂತ್ರ ನೋಡಿಕೊಂಡೇ ಹೋಗಿದ್ದೆವು. ಕೈಟ್‌ಬೋರ್ಡಿಂಗ್ ಮಾಡುವವರಲ್ಲಿ ಒಂದು ಅಂದಾಜು ಲೆಕ್ಕ ಇದೆ: ಮೈತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಗಾಳಿಯ ನಾಟ್‌ಗಳಿಂದ ಭಾಗಿಸಿ, 2.2ರಿಂದ ಗುಣಿಸಿದರೆ ಪಟದ ಚದರ ಮೀಟರ್ ಸಿಗುತ್ತದೆ. 58 ಕೆಜಿಗೆ 19 ನಾಟ್ ಗಾಳಿಯಲ್ಲಿ ಸುಮಾರು 7 ಚದರ ಮೀಟರ್. ನಮ್ಮದು ಬರೀ 3, ಹಾಗಾದರೆ ಸೇಫ್ ಅಂದುಕೊಂಡೆವು. ಮೋಸ ಹೋಗಿದ್ದೇ ಇಲ್ಲಿ. ಆ ಲೆಕ್ಕ ನೀರಿಗೆ. ಅಲ್ಲಿ ಎಳೆತ ಬಂದಾಗ ಹಲಗೆ ಜಾರುತ್ತದೆ, ಎಳೆತವೇ ಓಟವಾಗುತ್ತದೆ. ಅವರ ಪಟಗಳಲ್ಲಿ ಹಿಡಿಕೆಯನ್ನು ಮುಂದೆ ತಳ್ಳಿ ಎಳೆತ ಇಳಿಸುವ, ಅಪಾಯವಾದರೆ ತಟ್ಟನೆ ಬಿಡಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ನಮ್ಮದರಲ್ಲಿ ಎರಡೂ ಇರಲಿಲ್ಲ. ಕಾಲು ನೆಲಕ್ಕೆ ಕಚ್ಚಿಕೊಂಡಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪಟದ ರೇಸ್ ನಡೆಯಿತು, ಮಾರ್ಸೆಯ ಕಡಲಿನಲ್ಲಿ. ಅಲ್ಲಿನ ಸ್ಪರ್ಧಿಗಳು ಕೂಡ ಒಂದೇ ಪಟ ನಂಬಿ ಕೂರುವುದಿಲ್ಲ. ಬೇರೆ ಬೇರೆ ಅಳತೆಯವು ಇಟ್ಟುಕೊಂಡು ಆವತ್ತಿನ ಗಾಳಿ ನೋಡಿ ತೆಗೆಯುತ್ತಾರೆ.

ಇನ್ನು ಜಾಗ. ಶಿವಗಂಗೆ ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣೇಶ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪದಂತೆ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಗೂ ಈ ಬೆಟ್ಟ ಒಂದೊಂದು ಕಡೆ ಒಂದೊಂದು ಥರ. ಆಷಾಢದ ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ. ಗಣೇಶನ ಬದಿಗೆ ನೇರವಾಗಿ ಬಡಿದು, ಮೇಲೇರಿ, ತುದಿಯಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತದೆ. ನಂದಿಯ ಬದಿ ಮರೆ. ಅಲ್ಲಿ ಗಾಳಿ ಸುಳಿ ಸುತ್ತುತ್ತದೆ, ಒಂದು ಗಳಿಗೆ ಸತ್ತು ಇನ್ನೊಂದು ಗಳಿಗೆ ಹೊಡೆಯುತ್ತದೆ. ನಾವು ನಿಂತಿದ್ದು ಸರಿಯಾಗಿ ಅಲ್ಲೇ. ತುದಿಯಲ್ಲಂತೂ ಯಾವ ಪಟವೂ ಬೇಡ. ಪಟ ಹಾರಿಸುವವನ ಕಣ್ಣು ಮೇಲೆ, ಕಾಲು ಹಿಂದಕ್ಕೆ. ಶಾಂತಲಾ ಡ್ರಾಪ್ ಹತ್ತಿರ ಹಿಂದಕ್ಕೆ ಹೆಜ್ಜೆ ಇಡುವ ಆಟ ಆಡಬಾರದು.

"ಇಷ್ಟೆಲ್ಲ ಲೆಕ್ಕ ಹಾಕಿದ್ರೆ ಮಜಾ ಎಲ್ಲಿ ಮಗಾ?" ಅಂತ ಕೇಳುವವರಿದ್ದಾರೆ. ನಮ್ಮದೇ ಜಿಲ್ಲೆಯ ದೊಡ್ಡಬಳ್ಳಾಪುರಕ್ಕೆ ಆಷಾಢದಲ್ಲಿ ಹೋಗಿ ನೋಡಿ. ಪಟದಲ್ಲಿ ಪಳಗಿದ ಹುಡುಗ ಒಂದು ಚಿಟಿಕೆ ಮಣ್ಣು ತೂರಿ ಗಾಳಿ ನೋಡುತ್ತಾನೆ. ಪಟ ಗಿರಗಿರ ತಿರುಗಿದರೆ ಬಾಲಂಗೋಚಿ ಉದ್ದ ಮಾಡುತ್ತಾನೆ, ಏಳದಿದ್ದರೆ ಸೂತ್ರದ ಗಂಟನ್ನು ಒಂದು ಬೆರಳು ಸರಿಸುತ್ತಾನೆ. ಲೆಕ್ಕ ಅದೇ, ಗ್ರೀಕ್ ಅಕ್ಷರ ಇಲ್ಲ ಅಷ್ಟೆ. ಅವನ ಮಜಾ ಏನೂ ಕಡಿಮೆಯಾಗಿಲ್ಲ.

ಹಾಗಾಗಿ ಈ ಆಷಾಢದ ಟ್ರಿಪ್‌ಗೆ ನಮ್ಮ ಸಲಹೆ ಇದು. ಎಲೆ ಅಲುಗುವಷ್ಟು ಗಾಳಿ ಇದ್ದರೆ ತೆಳು ಕಾಗದದ ಹಗುರ ಪಟ. ಧೂಳೆದ್ದು ಸಣ್ಣ ಕೊಂಬೆ ಆಡುವ ಗಾಳಿಗೆ ಗಟ್ಟಿ ಕಡ್ಡಿ, ಉದ್ದ ಬಾಲಂಗೋಚಿ, ಇಲ್ಲವೇ ಪೆಟ್ಟಿಗೆ ಪಟ. ಸಣ್ಣ ಮರಗಳೇ ತೂಗಾಡಿದರೆ ಪಟ ಬ್ಯಾಗಲ್ಲೇ ಇರಲಿ. ಬೆಟ್ಟ ಹತ್ತೋಣ, ಒಳಕಲ್ಲು ತೀರ್ಥ ನೋಡೋಣ, ಕೋತಿಗಳಿಂದ ಚಕ್ಕುಲಿ ಕಾಪಾಡಿಕೊಳ್ಳೋಣ. ಎಳೆಯುವ ಪಟ ಕಲಿಯುವ ಆಸೆ ಇದ್ದವರು ರಾಮೇಶ್ವರದಂಥ ಕಡಲ ತೀರಕ್ಕೆ ಹೋಗಿ, ಕಲಿಸುವವರ ಎದುರು ಹೆಲ್ಮೆಟ್ ಹಾಕಿ ಕಲಿಯಲಿ.

ದಾರದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಬರೀ ಹತ್ತಿ ದಾರ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ನಾವು ಬಿಟ್ಟು ಬಂದ ದಾರ ಹಕ್ಕಿಯ ರೆಕ್ಕೆಗೋ ಬೈಕಿನವರ ಕುತ್ತಿಗೆಗೋ ಸಿಕ್ಕಿಕೊಳ್ಳುತ್ತದೆ. ವಿದ್ಯುತ್ ತಂತಿ ಕಾಣುವ ಜಾಗದಲ್ಲಿ ಹಾರಿಸುವುದೇ ಬೇಡ.

ಆ ಗೆಳೆಯನ ಮಣಿಕಟ್ಟು ವಾಸಿಯಾಗಲು ಮೂರು ವಾರ ಹಿಡಿಯಿತು. ಒಂದು ಇಂಟರ್ನಲ್ಸ್ ಎಡಗೈಯಲ್ಲಿ ಬರೆದ. ಈ ಸಲವೂ ಅವನು ಬರುತ್ತಾನಂತೆ. ಪಟ ಆರಿಸುವ ಕೆಲಸ ಅವನಿಗೇ ಕೊಟ್ಟಿದ್ದೇವೆ.