ಸ್ವಾವಲಂಬನೆಯ ಮೊದಲ ಪಾಠ

ರೋಹಿಣಿ ಮಳೆ ಕಳೆದು ಮೃಗಶಿರೆ ಹಿಡಿಯುವ ಹೊತ್ತಿಗೆ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳ ಬಾಗಿಲು ತೆರೆದಿರುತ್ತದೆ. ತಳಿರು ತೋರಣ ಕಟ್ಟಿ, ಸಿಹಿ ಹಂಚಿ, ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಪ್ರಾರಂಭೋತ್ಸವವೂ ನೆರವೇರಿರುತ್ತದೆ. ಆದರೆ ಉತ್ಸವವು ಒಂದು ದಿನದ್ದು. ಅದರ ಮರುದಿನ ಒಂದನೆಯ ಇಯತ್ತೆಯ ಕೋಣೆಯಲ್ಲಿ ಏನು ನಡೆಯುತ್ತದೆಂಬುದನ್ನು ವಿಚಾರಿಸುವವರು ವಿರಳ. ಆ ಕೋಣೆಯಲ್ಲಿ ಆ ಮೊದಲ ತಿಂಗಳಿನಲ್ಲಿ ಬೀಳುವ ರೂಢಿಯೇ ಮಗುವಿನ ಮುಂದಿನ ಹತ್ತು ವರ್ಷಗಳ ವಿದ್ಯಾಭ್ಯಾಸದ ದಾರಿಯನ್ನು ಬಹುಮಟ್ಟಿಗೆ ನಿಶ್ಚಯಿಸುತ್ತದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ಮಾತನ್ನು ನಾವು ಬೀದರ ಜಿಲ್ಲೆಯ ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಗ್ರಾಮವನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. 1948ರ ಮೇ ತಿಂಗಳಿನಲ್ಲಿ ರಜಾಕಾರರ ಸಶಸ್ತ್ರ ತಂಡಗಳು ಈ ಊರಿನ ಮೇಲೆ ಎರಗಿ ಇನ್ನೂರಕ್ಕೆ ಮಿಕ್ಕಿದ ಜನರನ್ನು ಕೊಂದುವೆಂದು ಈ ಸೀಮೆಯ ಜನ ಇಂದಿಗೂ ಸ್ಮರಿಸುತ್ತಾರೆ. ದೇಶವೆಲ್ಲ ಸ್ವತಂತ್ರವಾಗಿ ಒಂಬತ್ತು ತಿಂಗಳಾಗಿದ್ದರೂ ನಿಜಾಮ ಸಂಸ್ಥಾನದ ಈ ಮೂಲೆಗೆ ಸ್ವಾತಂತ್ರ್ಯವು ಬಂದಿರಲಿಲ್ಲ. ಅದು ಬಂದುದು ಅದೇ ವರ್ಷ ಸಪ್ಟೆಂಬರ 17ರಂದು. ಗೋರ್ಟಾದಲ್ಲಿ ಇಂದು ಹುತಾತ್ಮರ ಸ್ಮಾರಕವಿದೆ. 2023ರಲ್ಲಿ ಸರದಾರ ಪಟೇಲರ ಪ್ರತಿಮೆಯೂ ಅನಾವರಣಗೊಂಡಿದೆ. ಸ್ಮಾರಕಕ್ಕೆ ಹೂಮಾಲೆ ಹಾಕುವುದು ಯೋಗ್ಯವೇ. ಆದರೆ ಇಂತಹ ಊರಿನ ಆರು ವರ್ಷದ ಮಗುವು ಶಾಲೆಯಲ್ಲಿ ಕೈಕಟ್ಟಿ, ಬಾಯಿಗೆ ಬೆರಳಿಟ್ಟು, ಅಪ್ಪಣೆಗಾಗಿ ಕಾಯುತ್ತ ಕುಳಿತುಕೊಳ್ಳುವುದನ್ನೇ ಮೊದಲ ಪಾಠವಾಗಿ ಕಲಿತರೆ, ಹಿರಿಯರು ಪ್ರಾಣ ಕೊಟ್ಟು ಪಡೆದುದನ್ನು ನಾವು ಮಕ್ಕಳಿಗೆ ಮುಟ್ಟಿಸಿದೆವೆಂದು ಹೇಗೆ ಹೇಳೋಣ? ಯಾವ ಒಂದು ಶಾಲೆಯನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಈ ಪ್ರಶ್ನೆಯು ನಾಡಿನ ಎಲ್ಲ ಶಾಲೆಗಳಿಗೂ ಸಲ್ಲುವಂತಹದು. ಗೋರ್ಟಾದ ಹೆಸರಿನೊಡನೆ ಕೇಳಿದಾಗ ಅದರ ತೂಕವು ಹೆಚ್ಚುತ್ತದೆ, ಅಷ್ಟೆ.

ಸ್ವಾವಲಂಬನೆಯೆಂದರೆ ಸ್ವೇಚ್ಛೆಯಲ್ಲ. ತನ್ನ ಪಾದರಕ್ಷೆಯನ್ನು ಸಾಲಿನಲ್ಲಿಡುವುದು, ತನ್ನ ಪಾಟಿಯನ್ನು ಗುರುತಿಸಿ ತೆಗೆದುಕೊಂಡು ಮರಳಿ ಅದೇ ಸ್ಥಳದಲ್ಲಿಡುವುದು, ನೀರು ಬೇಕಾದಾಗ ಅಂಜದೆ ಹೋಗಿ ಕುಡಿದು ಬರುವುದು, ಒಂದು ಕೆಲಸ ಮುಗಿದ ಮೇಲೆ ಮುಂದೇನೆಂಬುದನ್ನು ತಾನೇ ತಿಳಿಯುವುದು, ತಿಳಿಯದಿದ್ದರೆ ಮೊದಲು ನೆರೆಯ ಗೆಳೆಯನನ್ನು, ಆಮೇಲೆ ಮಾಸ್ತರರನ್ನು ಕೇಳುವುದು—ಇವೇ ಅದರ ಮೊದಲ ಮೆಟ್ಟಿಲುಗಳು. ಇವು ತಾವಾಗಿ ಬರುವುದಿಲ್ಲ. ಅಕ್ಷರಗಳಂತೆಯೇ ಇವನ್ನೂ ಕಲಿಸಬೇಕು. ದಿನಕ್ಕೊಂದು ರೂಢಿಯನ್ನು ಎತ್ತಿಕೊಂಡು, ಮಾಸ್ತರರು ತಾವು ಮಾಡಿ ತೋರಿಸಿ, ಮಗುವಿನಿಂದ ಮಾಡಿಸಿ, ತಪ್ಪಿದಲ್ಲಿ ಗದರಿಸದೆ ಮತ್ತೊಮ್ಮೆ ಮಾಡಿಸಿದರೆ, ಮೂರು ನಾಲ್ಕು ವಾರಗಳಲ್ಲಿ ಇಡಿಯ ವರ್ಗವು ಒಂದು ಶಿಸ್ತಿಗೆ ಬರುತ್ತದೆ. ಆ ಶಿಸ್ತು ಬೆತ್ತದ ಭಯದಿಂದ ಬಂದುದಲ್ಲವಾದ್ದರಿಂದ ಮಾಸ್ತರರು ಹೊರಗೆ ಹೋದಾಗಲೂ ಉಳಿಯುತ್ತದೆ.

ಇದು ಪರದೇಶದಿಂದ ತಂದ ಶೋಕಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಮಾಂಟೆಸ್ಸೊರಿ ಬಾಯಿಯವರು 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ತೆರೆದ ಮಕ್ಕಳ ಮನೆಯ ತತ್ತ್ವವನ್ನು ಗಿಜುಭಾಯಿ ಬಧೇಕಾ ಅವರು 1920ರಲ್ಲಿಯೇ ಭಾವನಗರದ ಬಾಲಮಂದಿರದಲ್ಲಿ ನಮ್ಮ ನೆಲಕ್ಕೆ ಹೊಂದಿಸಿದರು. 1937ರ ವರ್ಧಾ ಪರಿಷತ್ತಿನಲ್ಲಿ ಮಹಾತ್ಮರು ಕೈಕೆಲಸವನ್ನೇ ಶಿಕ್ಷಣದ ನಡುಗಂಬವನ್ನಾಗಿ ಮಾಡಿದರು. ನಮ್ಮ ಸ್ವಂತ ಕನ್ನಡ ನಾಡಿನಲ್ಲಿಯೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಋಷಿ ಕಣಿವೆಯ ಶಾಲೆಗಳನ್ನು ಕಂಡು ಬಂದು 'ನಲಿ-ಕಲಿ' ಎಂಬ ಪದ್ಧತಿಯನ್ನು ರೂಪಿಸಿದರು. ಅದು 2009–10ರ ಸುಮಾರಿಗೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು.

ಈ ಪದ್ಧತಿಯ ಒಳಗುಟ್ಟನ್ನು ವಾಚಕರು ಲಕ್ಷ್ಯಗೊಟ್ಟು ನೋಡಬೇಕು. ಮೊದಲ ಇಯತ್ತೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿ ಕುಳಿತಿರುತ್ತಾರೆ. ಅವರಲ್ಲಿ ಐದು ಗುಂಪುಗಳು: ಗುರುವಿನ ಪೂರ್ಣ ನೆರವಿನಿಂದ ಕಲಿಯುವವರು, ಗುರುವಿನ ಅಲ್ಪ ನೆರವಿನಿಂದ ಕಲಿಯುವವರು, ಸಹಪಾಠಿಗಳ ಪೂರ್ಣ ನೆರವಿನಿಂದ, ಅಲ್ಪ ನೆರವಿನಿಂದ ಕಲಿಯುವವರು, ಕೊನೆಗೆ ತಾವಾಗಿಯೇ ಕಲಿಯುವವರು. ಮಗುವು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ನೋಡಿಕೊಂಡು, ಅಲ್ಲಿಯ ಚಿತ್ರದ ಗುರುತಿಗೆ ಸರಿಯಾದ ಕಾರ್ಡನ್ನು ತಾನೇ ಆರಿಸಿಕೊಳ್ಳುತ್ತದೆ. ಕೂಲಿಗಾಗಿ ಪರವೂರಿಗೆ ಹೋದ ತಂದೆತಾಯಿಗಳೊಡನೆ ತೆರಳಿ ತಿಂಗಳ ಮೇಲೆ ಮರಳಿ ಬಂದ ಮಗುವು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಬೀದರದಂತಹ ಜಿಲ್ಲೆಗೆ ಇದು ಎಷ್ಟು ಉಪಯುಕ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಒಬ್ಬರೇ ಮಾಸ್ತರರು ಒಂದು ಗುಂಪಿನ ಬಳಿ ಕುಳಿತಾಗ ಮಿಕ್ಕ ಗುಂಪುಗಳು ತಮ್ಮ ಕೆಲಸವನ್ನು ತಾವೇ ನಡೆಸಿಕೊಂಡು ಹೋಗಬೇಕು. ಹೋಗದಿದ್ದರೆ ಈ ಪದ್ಧತಿಯು ಮೊದಲ ವಾರದಲ್ಲಿಯೇ ಕುಸಿದು, ಕಾರ್ಡುಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಆದ್ದರಿಂದ ಹಳ್ಳಿಯ ಶಾಲೆಗೆ ಮಕ್ಕಳ ಸ್ವಾವಲಂಬನೆಯು ಅಲಂಕಾರವಲ್ಲ, ಅವಶ್ಯಕತೆ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ. ಮೊದಲನೆಯದು: ತಿಂಗಳೆಲ್ಲ ರೂಢಿ ಕಲಿಸುತ್ತ ಕುಳಿತರೆ ಅಕ್ಷರ ಕಲಿಸುವುದು ಯಾವಾಗ? ರೂಢಿಯಿಲ್ಲದ ವರ್ಗದಲ್ಲಿ ಮಾಸ್ತರರ ಅರ್ಧ ದಿನವು 'ಸುಮ್ಮನೆ ಕೂಡಿರಿ' ಎನ್ನುವುದರಲ್ಲಿಯೇ ಕಳೆಯುತ್ತದೆಂಬುದೇ ಇದಕ್ಕೆ ಉತ್ತರ. ಮೊದಲ ತಿಂಗಳಿನಲ್ಲಿ ಕೊಟ್ಟ ಸಮಯವು ಮುಂದಿನ ಒಂಬತ್ತು ತಿಂಗಳಲ್ಲಿ ಬಡ್ಡಿಯೊಡನೆ ಮರಳಿ ಬರುತ್ತದೆ. ಎರಡನೆಯ ಆಕ್ಷೇಪಣೆಯು ಹೆಚ್ಚು ಗಂಭೀರವಾದುದು: ಸ್ವಾವಲಂಬನೆಯ ಹೆಸರಿನಲ್ಲಿ ಮಕ್ಕಳಿಂದ ಶಾಲೆಯ ಹೊಲಸು ಕೆಲಸವನ್ನು ಮಾಡಿಸಲಾಗುತ್ತದೆ, ಅದೂ ಕೆಲವು ಜಾತಿಯ ಮಕ್ಕಳಿಂದಲೇ. ಈ ಭೀತಿಯು ನಿರಾಧಾರವಲ್ಲ. ಆದುದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಮಗುವು ತನ್ನ ತಟ್ಟೆಯನ್ನು ತಾನು ತೊಳೆದರೆ ಅದು ಶಿಕ್ಷಣ. ಶೌಚಗೃಹವನ್ನು ತೊಳೆಯಲು ಮಗುವನ್ನು ಅಟ್ಟಿದರೆ ಅದು ಅನ್ಯಾಯ. ಸರದಿಯು ಎಲ್ಲ ಮಕ್ಕಳಿಗೂ ಒಂದೇ ಆಗಿರಬೇಕು. ಹುಡುಗ ಹುಡುಗಿಯರೆಂಬ ಭೇದವೂ ಇರಕೂಡದು. ಕಾಯಕ, ದಾಸೋಹಗಳೆಂಬ ಮಾತುಗಳನ್ನು ಲೋಕಕ್ಕೆ ಕೊಟ್ಟ ಕಲ್ಯಾಣದ ನೆರೆಯಲ್ಲಿ ಇದನ್ನು ಬೇರೆಯಾಗಿ ಹೇಳಬೇಕಾಗಿ ಬಂದುದೇ ವಿಷಾದದ ಸಂಗತಿ. 2002ರಲ್ಲಿ ಬೀದರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಪಂಕ್ತಿಯೇ ಸಮಾನತೆಯ ಪಾಠಕ್ಕೆ ನಿತ್ಯದ ಅವಕಾಶವಾಗಿದೆ.

ಗಡಿಯ ಸೀಮೆಗೆ ಇನ್ನೊಂದು ತೊಡಕು ಉಂಟು. ಇಲ್ಲಿಯ ಮಕ್ಕಳ ಮನೆಮಾತು ಕನ್ನಡವೊಂದೇ ಅಲ್ಲ. ಮರಾಠಿ, ಉರ್ದು, ಲಂಬಾಣಿಗಳೂ ಇವೆ. ನೀರು ಬೇಕೆಂದು ಕೇಳಲು ಮಾತು ಬಾರದ ಮಗುವಿಗೆ ಸ್ವಾವಲಂಬನೆಯೆಲ್ಲಿಯದು? ಮೊದಲ ವಾರಗಳಲ್ಲಿ ಮಗುವು ತನ್ನ ಮಾತಿನಲ್ಲಿಯೇ ಕೇಳಲಿ. ಉತ್ತರವು ಕನ್ನಡದಲ್ಲಿ ಬರಲಿ. ನಾವು ಕನ್ನಡದ ಅಭಿಮಾನಿಗಳೆಂಬುದಕ್ಕಾಗಿಯೇ ಈ ಮಾತನ್ನು ಹೇಳುತ್ತೇವೆ. ನಿಜಾಮರ ಆಳಿಕೆಯಲ್ಲಿ ಪರಭಾಷೆಯ ಶಾಲೆಯಲ್ಲಿ ಕುಳಿತ ಕನ್ನಡ ಮಗುವಿನ ಸಂಕಟವನ್ನು ಈ ಜಿಲ್ಲೆ ಬಲ್ಲದು. ಭಾಲ್ಕಿಯ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯು ಇಲ್ಲಿ ಮನೆಮಾತಾಗಿದೆ. ಅಂದು ನಮ್ಮ ಮಕ್ಕಳು ಅನುಭವಿಸಿದುದನ್ನು ಇಂದು ನಾವು ಅನ್ಯರ ಮಕ್ಕಳಿಗೆ ಉಣಿಸಬಾರದು.

ಹೊಣೆಯನ್ನೆಲ್ಲ ಮಾಸ್ತರರ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಗುವಿಗೆ ಭಯವಿಲ್ಲದ, ಚಟುವಟಿಕೆಯ ಮೂಲಕ ಕಲಿಯುವ ಶಾಲೆಯನ್ನು ಒದಗಿಸಬೇಕೆನ್ನುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳ ಹೊರತು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಕೂಡದೆಂದೂ ವಿಧಿಸುತ್ತದೆ. ಅಧಿಕಾರಿಗಳಲ್ಲಿ ನಮ್ಮ ವಿನಂತಿಗಳು ಇವು. ಒಂದನೆಯ ಇಯತ್ತೆಯನ್ನು ಶಾಲೆಯ ಅತ್ಯಂತ ನುರಿತ ಶಿಕ್ಷಕರಿಗೇ ಒಪ್ಪಿಸಬೇಕು. ಜೂನ್ ತಿಂಗಳಿನಲ್ಲಿ ಅವರನ್ನು ಸಭೆ, ತರಬೇತಿ, ವರದಿಗಳಿಗಾಗಿ ವರ್ಗದಿಂದ ಎಬ್ಬಿಸಬಾರದು. ತರಬೇತಿಯು ಮೇ ತಿಂಗಳಿನಲ್ಲಿಯೇ ಮುಗಿಯಲಿ. ತೆರವಾದ ಸ್ಥಾನಗಳಿಗೆ ಅತಿಥಿ ಶಿಕ್ಷಕರ ನೇಮಕವು ಶಾಲೆ ತೆರೆಯುವ ಮೊದಲೇ ಆಗಲಿ. ತಡವಾಗಿ ಬಂದವರಿಗೆ ಕೆಟ್ಟ ರೂಢಿಯನ್ನು ಕಿತ್ತು ಒಳ್ಳೆಯದನ್ನು ನೆಡುವ ಇಮ್ಮಡಿ ದುಡಿಮೆ. ತಪಾಸಣೆಗೆ ಹೋದವರು 'ಎಷ್ಟು ಅಕ್ಷರವಾಯಿತು?' ಎಂದು ಕೇಳುವ ಬದಲು, ಕಾಲು ತಾಸು ಮೂಲೆಯಲ್ಲಿ ಕುಳಿತು, ಮಾಸ್ತರರು ಹೇಳದೆಯೇ ಮಕ್ಕಳು ಏನೇನು ಮಾಡುತ್ತಾರೆಂಬುದನ್ನು ನೋಡಲಿ. 371(ಜೆ) ವಿಧಿಯಿಂದ ಈ ಭಾಗಕ್ಕೆ ದೊರೆತ ವಿಶೇಷ ಅನುದಾನವು ಗೋಡೆಗಳಿಗಷ್ಟೇ ಅಲ್ಲ, ಗೋಡೆಗಳ ನಡುವೆ ದುಡಿಯುವವರಿಗೂ ಸಲ್ಲಲಿ.

ತಂದೆತಾಯಿಗಳಿಗೂ ಒಂದು ಮಾತು. ಆರು ವರ್ಷದ ಮಗುವಿನ ಚೀಲವನ್ನು ತಾವು ಹೊತ್ತು, ಗುಂಡಿಯನ್ನು ತಾವು ಹಾಕಿ, ಮಾಸ್ತರರಿಗೆ 'ನಾಲ್ಕು ಏಟು ಕೊಟ್ಟು ಕಲಿಸಿರಿ' ಎಂದು ಹೇಳಿ ಬರುವುದು ಪ್ರೀತಿಯೂ ಅಲ್ಲ, ಶಿಸ್ತೂ ಅಲ್ಲ.

ಮೇಲಿನಿಂದ ಸುತ್ತೋಲೆ ಬರುವವರೆಗೆ ಕದಲದ ನೌಕರ, ಗುತ್ತಿಗೆದಾರನು ಮಾಡಿದುದೇ ಸರಿಯೆನ್ನುವ ಪಂಚಾಯತಿಯ ಸದಸ್ಯ, ಪರರು ಹೇಳಿದಂತೆ ಮತ ಹಾಕುವ ಮತದಾರ—ಇವರೆಲ್ಲರೂ ಒಂದಾನೊಂದು ಕಾಲಕ್ಕೆ ಒಂದನೆಯ ಇಯತ್ತೆಯಲ್ಲಿ ಕೈಕಟ್ಟಿ ಕುಳಿತ ಮಕ್ಕಳೇ. ಸಪ್ಟೆಂಬರ 17ರಂದು ಗೋರ್ಟಾದಲ್ಲಿ ಧ್ವಜಕ್ಕೆ ವಂದಿಸುವ ಅಧಿಕಾರಿಗಳೂ ಮುಖಂಡರೂ ಅಂದೇ ಗಳಿಗೆ ಹೊತ್ತು ಊರ ಶಾಲೆಯ ಒಂದನೆಯ ವರ್ಗಕ್ಕೂ ಹೋಗಿ ಕುಳಿತು ಬರಲಿ. ಅಲ್ಲಿಯ ಮಗುವು ಯಾರ ಅಪ್ಪಣೆಗೂ ಕಾಯದೆ ತನ್ನ ಪಾಟಿಯನ್ನೆತ್ತಿಕೊಂಡು ತನ್ನ ಕೆಲಸಕ್ಕೆ ತೊಡಗಿದ್ದರೆ, ಹುತಾತ್ಮರ ಋಣದಲ್ಲಿ ಒಂದಿಷ್ಟು ತೀರಿತೆಂದು ನಾವು ತಿಳಿಯುವೆವು.